ಗಂಟೆಗೆ ಐದು ನಿಮಿಷ ನಿಧಾನ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಬರುವ ವಾಸನೆ ನನಗೆ ಬಟ್ಟೆಯನ್ನಾಗಲಿ ದಾರವನ್ನಾಗಲಿ ನೆನಪಿಗೆ ತರುವುದಿಲ್ಲ. ಹೆಬ್ಬಾಳದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣೆದುರು ಬರುತ್ತದೆ. ಅಲ್ಲಿ ಗೋಡೆಗೆ ಹಾಕಿದ್ದ ಗಡಿಯಾರದ ಗಾಜಿನ ಬಾಗಿಲು ತೆರೆದು, ಕೋಳಿಗರಿಯ ತುದಿಯನ್ನು ಅಂಥದೇ ಎಣ್ಣೆಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಒಳಗಿನ ಚಕ್ರಗಳಿಗೆ ಮುಟ್ಟಿಸುತ್ತಿದ್ದ ತಾತ ನೆನಪಾಗುತ್ತಾರೆ. ಯುದ್ಧ ಮುಗಿದ ಮೇಲೆ ಜಾಲಹಳ್ಳಿ ಕಡೆಯ ಮಿಲಿಟರಿ ಕ್ಯಾಂಪಿನ ಸಾಮಾನು ಹರಾಜಾದಾಗ ತಾತ ಅದನ್ನು ಹಿಡಿದು, ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ತಂದರಂತೆ. ಬಂದ ದಿನದಿಂದಲೂ ಅದು ಹಿಂದೆ ಬೀಳುತ್ತಿತ್ತು. ವಾರಕ್ಕೊಮ್ಮೆ ತಾತ ರಸ್ತೆಗೆ ಹೋಗಿ, ಯಲಹಂಕದ ಬಸ್ಸಿನ ಕಂಡಕ್ಟರನ ಕೈಗಡಿಯಾರ ನೋಡಿ, ನಡೆದು ಬರಲು ಹಿಡಿದ ಹೊತ್ತನ್ನು ಅಂದಾಜಿನಲ್ಲಿ ಸೇರಿಸಿ ಮುಳ್ಳು ತಿರುಗಿಸುತ್ತಿದ್ದರು. ಕಂಡಕ್ಟರನ ಗಡಿಯಾರ ಸರಿಯಿದೆಯೇ ಎಂದು ಯಾರೂ ಕೇಳಿದ್ದಿಲ್ಲ. ಆ ಮನೆಯಲ್ಲಿ ಗಡಿಯಾರ ನೋಡಿ ಮಾಡುವ ಕೆಲಸವೂ ಯಾವುದೂ ಇರಲಿಲ್ಲ. ಹಸು ಕರೆಯುವುದು, ದ್ರಾಕ್ಷಿ ಚಪ್ಪರಕ್ಕೆ ನೀರು ಕಟ್ಟುವುದು, ಒಲೆ ಹಚ್ಚುವುದು ಎಲ್ಲವೂ ಬಿಸಿಲು ಅಂಗಳದ ಯಾವ ಕಲ್ಲಿಗೆ ಬಂದಿದೆ ಎಂಬುದರ ಮೇಲೆ ನಡೆಯುತ್ತಿದ್ದವು. ಅಂಥ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಯದವರಿಗೆ ಹೇಳಿ ಪ್ರಯೋಜನವೂ ಇಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಮನೆ ಕೆರೆಯ ಏರಿಯಿಂದ ಕೂಗಳತೆಯಲ್ಲಿತ್ತು. ಸಂಜೆಯ ಗಾಳಿಗೆ ಕೆರೆಯ ಕೆಸರಿನ ವಾಸನೆಯೂ, ಕಾಯಿ ಕಪ್ಪಾಗುವ ದಿನಗಳಲ್ಲಿ ದ್ರಾಕ್ಷಿಯ ಹುಳಿ ಕಂಪೂ ಕೂಡಿಕೊಂಡು ಜಗಲಿಗೆ ಬರುತ್ತಿದ್ದವು. ಮನೆಯಲ್ಲಿ ತಾತ, ಅಜ್ಜಿ, ಅಪ್ಪ, ಅಮ್ಮ, ನಾನು, ಆಮೇಲೆ ರಾಜತ್ತೆ. ರಾಜತ್ತೆ ಅಪ್ಪನ ಒಬ್ಬಳೇ ತಂಗಿ. ದೇವನಹಳ್ಳಿ ಕಡೆಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಗಂಡ ಜ್ವರದಲ್ಲಿ ತೀರಿಕೊಂಡ. ತಾತ ಹೋಗಿ ಕರೆದುಕೊಂಡು ಬಂದರು. ಬಂದವಳು ಬಹಳ ದಿನ ಯಾರೊಂದಿಗೂ ಮಾತಾಡಲಿಲ್ಲ; ಬೆಳಗಿನಿಂದ ಸಂಜೆಯವರೆಗೆ ಕೆಲಸ ಮಾಡುತ್ತಿದ್ದಳು. ಒಂದು ದಿನ ನನ್ನ ಶಾಲೆಯ ಪಾಠದ ಪುಸ್ತಕವನ್ನು ಕೈಗೆತ್ತಿಕೊಂಡು ನಿಂತಲ್ಲೇ ಕೊನೆಯವರೆಗೂ ಓದಿದಳು. ಮದುವೆಗೆ ಮುಂಚೆ ಅವಳು ಮಿಡ್ಲ್ ಸ್ಕೂಲಿನಲ್ಲಿ ಓದನ್ನು ಅರ್ಧಕ್ಕೆ ಬಿಟ್ಟಿದ್ದಳು. ಲೋಯರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿದರೆ ಹೆಂಗಸರನ್ನು ಟ್ರೈನಿಂಗಿಗೆ ತೆಗೆದುಕೊಂಡು ಮೇಡಂ ಮಾಡುತ್ತಾರೆಂದು ಯಾರೋ ಅವಳಿಗೆ ಹೇಳಿದ್ದರು. ಅದನ್ನು ಅವಳು ತಾತನಿಗೆ ಹೇಳಿದಳು.

ಇತ್ತ ಇನ್ನೊಂದು ಮಾತೂ ನಡೆದಿತ್ತು. ಗಂಡ ಸತ್ತ ಹೆಣ್ಣುಮಕ್ಕಳನ್ನು ಕೂಡಿಕೆ ಮಾಡಿ ಎರಡನೆಯ ಮನೆಗೆ ಕೊಡುವುದು ನಮ್ಮಲ್ಲಿ ಉಂಟು. ನಾಗಸಂದ್ರದಲ್ಲಿ ಹೆಂಡತಿ ಕಳೆದುಕೊಂಡ ಒಬ್ಬರಿದ್ದರು. ಜಮೀನಿತ್ತು, ಕೆಟ್ಟ ಚಟವಿರಲಿಲ್ಲ, ಕೇಳಿ ಕಳಿಸಿದ್ದರು. ಅಪ್ಪನಿಗೆ ಅದೇ ಸರಿ ಎನಿಸಿತ್ತು. ತಾತ ಎರಡನ್ನೂ ತೂಗಿ, ಮೊದಲು ಪರೀಕ್ಷೆ ಕಟ್ಟಲಿ, ಆಗದಿದ್ದರೆ ನಾಗಸಂದ್ರ ಎಂದು ತೀರ್ಮಾನ ಹೇಳಿದರು.

ಪಾಠ ಹೇಳಲು ಗಂಗೇನಹಳ್ಳಿಯಿಂದ ಗಫಾರ್ ಸಾಹೇಬರು ಬರುತ್ತಿದ್ದರು. ಶಾಲೆಯ ಕೆಲಸದಿಂದ ನಿವೃತ್ತರಾಗಿದ್ದ ಅವರು ತಾತನ ಹಳೆಯ ಪರಿಚಯ. ಬಿಳಿ ಗಡ್ಡ, ಕಪ್ಪು ಟೋಪಿ, ಒಗೆದು ಒಗೆದು ತೆಳುವಾದ ಶೇರ್ವಾನಿ. ನಡೆದು ಬಂದವರೇ ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದು, ಉಸಿರು ಹದಕ್ಕೆ ಬರುವವರೆಗೆ ಸುಮ್ಮನಿದ್ದು ಆಮೇಲೆ ಶುರು ಮಾಡುತ್ತಿದ್ದರು. ಅತ್ತೆಯೂ ನಾನೂ ಎದುರಿಗೆ ಸ್ಲೇಟು ಹಿಡಿದು ಕೂರುತ್ತಿದ್ದೆವು. ವಯಸ್ಸಿನ ಹೆಣ್ಣು ಪಾಠ ಹೇಳಿಸಿಕೊಳ್ಳುವಾಗ ಹತ್ತಿರ ಒಬ್ಬರು ಹಿರಿಯರು ಇರಬೇಕೆಂದು ಅಜ್ಜಿ ಅವರೆಕಾಯಿಯನ್ನೋ ಹುಣಸೆಹಣ್ಣನ್ನೋ ಮಡಿಲಿಗೆ ಹಾಕಿಕೊಂಡು ಕಂಬಕ್ಕೆ ಒರಗಿರುತ್ತಿದ್ದರು. ಓದು ಹೆಣ್ಣಿಗೆ ತಕ್ಕದ್ದಲ್ಲ ಎಂಬುದು ಅಜ್ಜಿಯ ಅಭಿಪ್ರಾಯ. ಅದನ್ನು ಸಾಹೇಬರ ಎದುರಿಗೇ ಹೇಳುತ್ತಿದ್ದರು, ಹೇಳಿ ಅವರಿಗೆ ಮಜ್ಜಿಗೆಯನ್ನೂ ತಂದುಕೊಡುತ್ತಿದ್ದರು.

ಕನ್ನಡ, ಚರಿತ್ರೆ, ಭೂಗೋಳ ಅತ್ತೆಗೆ ಸಲೀಸಾಗಿ ಬಂದವು. ಬಡ್ಡಿ ಲೆಕ್ಕ, ಕೆಲಸ ಮತ್ತು ದಿನಗಳ ಲೆಕ್ಕವೂ ಬಂದವು. ಮುಂದೆ ಓಡುವ, ಹಿಂದೆ ಬೀಳುವ ಗಡಿಯಾರಗಳ ಲೆಕ್ಕ ಮಾತ್ರ ಬರಲಿಲ್ಲ. ಒಂದು ಲೆಕ್ಕ ನನಗೆ ಇಂದಿಗೂ ಬಾಯಿಪಾಠ. ಒಂದು ಗಡಿಯಾರ ಗಂಟೆಗೆ ಐದು ನಿಮಿಷ ನಿಧಾನ. ಬೆಳಿಗ್ಗೆ ಆರಕ್ಕೆ ಅದನ್ನು ಸರಿಯಿಟ್ಟರೆ, ಅದು ಸಂಜೆ ಐದು ತೋರಿಸುವಾಗ ನಿಜವಾದ ಹೊತ್ತೆಷ್ಟು? ಅತ್ತೆ ಹನ್ನೊಂದು ಗಂಟೆಗೆ ಐವತ್ತೈದು ನಿಮಿಷವೆಂದು ಲೆಕ್ಕ ಹಾಕಿ ಐದಕ್ಕೆ ಕೂಡಿಸಿ, ಆರಕ್ಕೆ ಐದು ನಿಮಿಷ ಇದೆ ಎಂದು ಬರೆಯುತ್ತಿದ್ದಳು. ನಾನೂ ಹಾಗೇ ಬರೆಯುತ್ತಿದ್ದೆ. ಉತ್ತರ ಆರು ಗಂಟೆ ಎಂದು ಸಾಹೇಬರು ಹೇಳುತ್ತಿದ್ದರು. ಆ ಉಳಿದ ಐದು ನಿಮಿಷ ಎಲ್ಲಿಂದ ಬಂತು ಎಂದು ಅತ್ತೆ ಕೇಳುವಳು. ಅವರು ಬೇರೆ ಬೇರೆ ರೀತಿಯಲ್ಲಿ ಹೇಳುವರು. ಅತ್ತೆ ತಲೆಯಾಡಿಸುವಳು, ಮರುದಿನ ಮತ್ತೆ ಅದೇ ತಪ್ಪು. ಅವಳು ದಡ್ಡಿಯಲ್ಲ. ಅರ್ಥವಾಗದ್ದನ್ನು ಅರ್ಥವಾಯಿತೆಂದು ಉರುಹೊಡೆದು ಒಪ್ಪಿಸುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ. ಅವರೆಕಾಳಿನ ಸಿಪ್ಪೆ ಅಂಗಳಕ್ಕೆ ಎಸೆಯುತ್ತಾ ಅಜ್ಜಿ ಒಮ್ಮೊಮ್ಮೆ, ಕೆಟ್ಟ ಗಡಿಯಾರ ಇಟ್ಟುಕೊಂಡವರು ಯಾರು, ರಿಪೇರಿಗೆ ಕೊಡಬಾರದೇ ಎನ್ನುತ್ತಿದ್ದರು.

ಆ ವರ್ಷ ಪರೀಕ್ಷೆಯಲ್ಲಿ ಅತ್ತೆ ಉಳಿದೆಲ್ಲದರಲ್ಲಿ ಪಾಸಾಗಿ ಲೆಕ್ಕದಲ್ಲಿ ಫೇಲಾದಳು. ಪ್ರಶ್ನೆಪತ್ರಿಕೆಯಲ್ಲಿ ಗಡಿಯಾರದ ಲೆಕ್ಕ ಬಂದಿತ್ತು. ಹೊತ್ತೆಲ್ಲ ಅದಕ್ಕೇ ಸುರಿದು ಮಿಕ್ಕ ಲೆಕ್ಕಗಳನ್ನು ಮಾಡಲಾಗಲಿಲ್ಲವೆಂದು ಅವಳೇ ಹೇಳಿದಳು. ಅಳಲಿಲ್ಲ. ಆ ಸಂಜೆ ಸಾಹೇಬರು ಬಂದು ನೀರು ಕುಡಿದು, ಪಾಠ ಹೇಳದೆ ಎದ್ದುಹೋದರು.

ನಾಗಸಂದ್ರದವರು ಬಂದರು. ಮೂವರು ಹಿರಿಯರು, ಪಡಸಾಲೆಯ ಚಾಪೆಯ ಮೇಲೆ ಕೂತು ಮಳೆ ಬೆಳೆಯ ಮಾತಾಡಿ, ಎಲೆ ಅಡಿಕೆ ಹಾಕಿಕೊಂಡು, ಇನ್ನು ದಿನ ನೋಡಬಹುದಲ್ಲ ಎಂದರು. ಅಪ್ಪ ಹೌದೆಂದರು. ತಾತ ಅಡ್ಡಿ ಹೇಳುವಂತಿರಲಿಲ್ಲ, ಕೊಟ್ಟ ಮಾತು ಅವರದೇ. ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಹಿಂದೆ ಅತ್ತೆ ನಿಂತಿದ್ದಳು. ಅಮ್ಮನ ಸೆರಗಿನ ಅಂಚನ್ನು ತನಗೇ ಗೊತ್ತಿಲ್ಲದೆ ಬೆರಳಿಗೆ ಸುತ್ತಿಕೊಂಡಿದ್ದಳು. ಆಗ ಮಾತಾಡಿದ್ದು ಅಜ್ಜಿ. ಗಂಡಸರ ನಡುವೆ ಅಜ್ಜಿ ಬಾಯಿ ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಇನ್ನೊಂದ್ ಸಲ ಕಟ್ಲಿ," ಎಂದರು. "ವರ್ಸೆಲ್ಲಾ ಅವಳ ಪಕ್ಕದಾಗೇ ಕುಂತು ಕೇಳಿವ್ನಿ ನಾನು. ಆ ಗಡಿಯಾರದ್ ಲೆಕ್ಕ ಬಲು ಕಸ್ಟ ಐತೆ ಕಣ್ರಪ್ಪಾ. ಇಂಗೆ ಒಂದೇ ಸಲಕ್ಕೆ ಬರಾಕಿಲ್ಲ ಅದು."

ನಾಗಸಂದ್ರದ ಹಿರಿಯರಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು, ವಯಸ್ಸಾದವರು, ನಗಲಿಲ್ಲ; ಹುಡುಗಿ ಏನನ್ನುತ್ತಾಳೆಂದು ಕೇಳಿ ಎಂದರು. ತಾತ ತಿರುಗಿ ಬಾಗಿಲ ಕಡೆ ನೋಡಿದರು.

"ಇನ್ನೊಂದ್ಸಲ ಕಟ್ತೀನಿ ಅಪ್ಪಾ. ಆಗ್ಲಿಲ್ಲ ಅಂದ್ರೆ ನೀವ್ ಹೇಳ್ದಂಗೆ ಕೇಳ್ತೀನಿ," ಎಂದಳು ಅತ್ತೆ, ತಾತನಿಗೆ.

ಅವರು ಇನ್ನೊಂದು ವರ್ಷ ಕಾಯುವವರಲ್ಲ. ಊಟ ಮಾಡಿ, ಬೇಸರವಿಲ್ಲವೆಂದು ಹೇಳಿ ಹೋದರು. ಬೇಸಿಗೆ ಕಳೆಯುವುದರೊಳಗೆ ಬೇರೆ ಕಡೆ ಹೆಣ್ಣು ತಂದರೆಂದು ಕೇಳಿದೆವು. ಅಪ್ಪ ಅತ್ತೆಯೊಂದಿಗೆ ಮಾತು ಬಿಟ್ಟರು, ಅಜ್ಜಿಯೊಂದಿಗೂ. ಅಜ್ಜಿಗೆ ಅದರ ಪರಿವೆ ಇದ್ದಂತೆ ಕಾಣಲಿಲ್ಲ.

ಎರಡನೆಯ ವರ್ಷದ ಚಳಿಗಾಲಕ್ಕೆ ಸಾಹೇಬರ ಉಬ್ಬಸ ಹೆಚ್ಚಿ, ನಡೆದು ಬರುವುದು ನಿಂತುಹೋಯಿತು. ಆಗ ನಾವೇ ಗಂಗೇನಹಳ್ಳಿಗೆ ಹೋಗತೊಡಗಿದೆವು. ಅತ್ತೆ, ನಾನು, ನಮ್ಮ ಹಿಂದೆ ಅಜ್ಜಿ. ರಾಗಿ ಹೊಲಗಳ ಬದುವಿನ ಮೇಲೆ ನಡೆದರೆ ಊರು. ಎರಡು ಕೋಣೆಯ ಮನೆ. ಸುಣ್ಣದ ಗೋಡೆ, ಬಾಗಿಲಿಗೆ ಗೋಣಿಯ ಪರದೆ. ಅವರ ಹೆಂಡತಿಯನ್ನು ನಾವೆಲ್ಲ ಬೀಬಮ್ಮ ಎನ್ನುತ್ತಿದ್ದೆವು. ಅಜ್ಜಿ ಅವರ ಜೊತೆ ಹಿತ್ತಲಿನಲ್ಲಿ ಕೂರುತ್ತಿದ್ದರು. ಒಬ್ಬರಿಗೆ ಉರ್ದು ಬಾರದು, ಇನ್ನೊಬ್ಬರಿಗೆ ಕನ್ನಡ ಅರೆಬರೆ. ಆದರೂ ಇಬ್ಬರ ಮಾತು ಒಳಕ್ಕೆ ಕೇಳುತ್ತಲೇ ಇರುತ್ತಿತ್ತು. ಸಾಹೇಬರು ಗೋಡೆಗೆ ದಿಂಬು ಕೊಟ್ಟು ಒರಗಿಕೊಂಡು ಹೇಳಿಕೊಡುವರು. ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಕೋಣೆಯಲ್ಲಿ ನೀಲಗಿರಿ ಎಣ್ಣೆಯ ವಾಸನೆ.

ಒಂದು ಸಂಜೆ ಅತ್ತೆ ಮತ್ತೆ ಆ ಲೆಕ್ಕದಲ್ಲಿ ಆರಕ್ಕೆ ಐದು ನಿಮಿಷ ಎಂದು ಬರೆದು ತೋರಿಸಿದಳು. ಅವರು ಸ್ಲೇಟನ್ನು ಕೈಗೆ ತೆಗೆದುಕೊಂಡು, "ಹನ್ನೊಂದು ಗಂಟೆ ಅಂತ ಬರ್ದೀರಲ್ಲಮ್ಮಾ, ಯಾರದು ಆ ಹನ್ನೊಂದು ಗಂಟೆ?" ಎಂದರು.

ಅತ್ತೆಗೆ ಪ್ರಶ್ನೆ ತಿಳಿಯಲಿಲ್ಲ.

"ನಿಮ್ದಾ, ಗಡಿಯಾರದ್ದಾ? ಅದು ಸುಳ್ಳು ಹೇಳ್ತದೆ ಅಂತ ಗೊತ್ತು. ಗೊತ್ತಿದ್ದೂ ಅದರ ಗಂಟೇನ ನಿಜ ಅಂತ ತಗೊಂಡ್ರಲ್ಲ ನೀವು," ಎಂದು ನಿಲ್ಲಿಸಿ, ಉಸಿರು ತಿರುಗಿದ ಮೇಲೆ, "ಆದ್ರೆ ಅದು ದಿನಕ್ಕೊಂದು ಥರ ಸುಳ್ಳು ಹೇಳಲ್ಲ. ಒಂದೇ ಥರ ಹೇಳ್ತದೆ. ಅದಕ್ಕೇ ನಿಜ ಸಿಗ್ತದೆ," ಎಂದರು.

ಅತ್ತೆ ಸ್ಲೇಟನ್ನು ಮಡಿಲಿಗೆ ಎಳೆದುಕೊಂಡಳು. ಗಡಿಯಾರ ಐವತ್ತೈದು ನಿಮಿಷ ನಡೆದಾಗ ನಿಜದಲ್ಲಿ ಅರವತ್ತು ಕಳೆದಿರುತ್ತದೆ ಎಂದು ಮೇಲೆ ಬರೆದಳು. ಗಡಿಯಾರದ ಹನ್ನೊಂದು ಗಂಟೆಯನ್ನು ನಿಮಿಷ ಮಾಡಿ, ಅದರಲ್ಲಿ ಐವತ್ತೈದು ಎಷ್ಟು ಸಲ ಇದೆಯೆಂದು ಭಾಗಿಸಿದಳು. ಹನ್ನೆರಡು ಸಲ. ಬಳಪ ಅಲ್ಲೇ ನಿಂತಿತು. ಹನ್ನೆರಡು ನಿಜವಾದ ಗಂಟೆ. ಬೆಳಿಗ್ಗೆ ಆರರಿಂದ ಸಂಜೆ ಆರು. ಅವಳು ತಲೆಯೆತ್ತಲಿಲ್ಲ. ಅದನ್ನು ಒರೆಸಿ ಮತ್ತೊಮ್ಮೆ ಮೊದಲಿನಿಂದ ಮಾಡಿದಳು. ಆಮೇಲೆ ಇನ್ನೊಂದು ಲೆಕ್ಕ ಕೊಡಿ ಎಂದಳು; ಅದು ಮುಗಿಯುತ್ತಲೇ ಇನ್ನೊಂದು. ಕತ್ತಲಾಗುತ್ತದೆಂದು ಅಜ್ಜಿ ಹೊರಗಿನಿಂದ ಕೂಗುವವರೆಗೂ ಕೇಳುತ್ತಲೇ ಇದ್ದಳು. ಹಿಂತಿರುಗುವಾಗ ಬದುವಿನ ಮೇಲೆ ಅವಳು ನಮ್ಮಿಬ್ಬರನ್ನೂ ಬಿಟ್ಟು ಬಹಳ ಮುಂದೆ ನಡೆಯುತ್ತಿದ್ದಳು.

ಪರೀಕ್ಷೆಗೆ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವರು ಅಪ್ಪನೇ. ದಾರಿಯುದ್ದ ಮಾತಾಡಲಿಲ್ಲವಂತೆ. ಇಳಿದ ಮೇಲೆ ಎಳನೀರು ಕೊಡಿಸಿದರಂತೆ. ಅದಾಗಿ ಕೆಲವೇ ವಾರಗಳಲ್ಲಿ ಸಾಹೇಬರು ತೀರಿಕೊಂಡರು. ತಾತ ಮಣ್ಣಿಗೆ ಹೋಗಿ ಬಂದು ಸ್ನಾನ ಮಾಡಿ, ಆ ದಿನವೆಲ್ಲ ಜಗಲಿಯಲ್ಲಿ ಕೂತಿದ್ದರು. ಫಲಿತಾಂಶ ಆಮೇಲೆ ಬಂತು. ಅತ್ತೆ ಪಾಸಾಗಿದ್ದಳು.

ಹೇಳಬೇಕಾದವರು ಇರಲಿಲ್ಲ. ಆದರೂ ಅತ್ತೆ ನನ್ನನ್ನು ಕರೆದುಕೊಂಡು ಗಂಗೇನಹಳ್ಳಿಗೆ ಹೋದಳು. ಬೀಬಮ್ಮ ಹಿತ್ತಲಿನಲ್ಲಿ ಅಕ್ಕಿ ಕೇರುತ್ತಿದ್ದರು. ಅತ್ತೆ ಪಾಸಾದೆನೆಂದು ಹೇಳಿ ಅವರ ಕಾಲು ಮುಟ್ಟಿದಳು. ಅವರು ಮೊರ ಕೆಳಗಿಟ್ಟು, ಅತ್ತೆಯ ಮುಖದ ಸುತ್ತ ಕೈಯಾಡಿಸಿ ತಮ್ಮ ಹಣೆಯ ಪಕ್ಕಕ್ಕೆ ಬೆರಳು ಮುರಿದು ದೃಷ್ಟಿ ತೆಗೆದರು.

"ಅವ್ರಿಗೆ ಗೊತ್ತಿತ್ತು ಬೇಟಿ," ಎಂದರು. "ಆ ಲೆಕ್ಕ ಬಂದ ದಿನಾನೇ ಹೇಳಿದ್ರು. ಆ ಹುಡುಗೀಗೆ ಇನ್ನು ನಾನು ಬ್ಯಾಡ ಅಂತ."

ಅತ್ತೆ ಆಗ ಅತ್ತಳು. ಗಂಡ ಸತ್ತು ಬಂದಾಗಲೂ ನಾನು ನೋಡಿರದ ಅಳು ಅದು. ಬೀಬಮ್ಮ ಅವಳನ್ನು ತಡೆಯದೆ, ಮೊರವನ್ನು ಮತ್ತೆ ಎತ್ತಿಕೊಂಡು ಮೆಲ್ಲಗೆ ಕೇರುತ್ತಾ ಕೂತರು.

ಆಮೇಲಿನದು ಬೇಗ ಬೇಗ ನಡೆದುಹೋಯಿತು ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಿರಲಿಕ್ಕಿಲ್ಲ. ಅತ್ತೆ ಟ್ರೈನಿಂಗಿಗೆ ಹೋದಳು, ಊರೂರಿಗೆ ವರ್ಗವಾಗುತ್ತಾ ಹೋದಳು. ಅರವತ್ತರ ದಶಕದಲ್ಲಿ ನಮ್ಮ ಜಮೀನಿನ ಬಹುಪಾಲು ಸರ್ಕಾರಕ್ಕೆ ಹೋಯಿತು; ದ್ರಾಕ್ಷಿಯ ಕಲ್ಲುಕಂಬಗಳನ್ನು ಕಿತ್ತು ಗಾಡಿಯಲ್ಲಿ ಸಾಗಿಸುವಾಗ ತಾತ ಹೊರಗೆ ಬರಲಿಲ್ಲ. ಆಮೇಲೆ ತಾತ ತೀರಿಕೊಂಡರು, ಅವರ ಹಿಂದೆಯೇ ಅಜ್ಜಿಯೂ ಹೋದರು. ಬಹಳ ವರ್ಷಗಳ ಮೇಲೆ, ರಸ್ತೆ ಅಗಲವಾದಾಗ, ಮನೆಯೂ ಹೋಯಿತು. ಅದು ಇದ್ದ ಜಾಗವನ್ನು ಬಸ್ಸಿನ ಕಿಟಕಿಯಿಂದ ಗುರುತಿಸಲು ಕೆಲವು ಸಲ ಪ್ರಯತ್ನಿಸಿ ಬಿಟ್ಟುಬಿಟ್ಟೆ.

ಅತ್ತೆ ಕೊನೆಯ ವರ್ಷಗಳನ್ನು ಯಲಹಂಕದಲ್ಲಿ ತಾನೇ ಕಟ್ಟಿಸಿಕೊಂಡ ಸಣ್ಣ ಮನೆಯಲ್ಲಿ ಕಳೆದಳು. ಅವಳು ಹೋದ ದಿನ ಅಂಗಳದಲ್ಲಿ ನನಗೆ ಗುರುತಿಲ್ಲದ ಹೆಂಗಸರು ಬಹಳ ಮಂದಿ ಸೇರಿದ್ದರು. ತಲೆ ನರೆತವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು. ಎಲ್ಲರೂ ಅವಳ ಹಳೆಯ ವಿದ್ಯಾರ್ಥಿನಿಯರು. ಲೆಕ್ಕದಲ್ಲಿ ಮೇಡಂ ಬಹಳ ಕಟ್ಟುನಿಟ್ಟು, ಆದರೆ ಅರ್ಥವಾಗಲಿಲ್ಲ ಎಂದವರನ್ನು ಒಂದು ದಿನವೂ ಬೈದವರಲ್ಲ ಎಂದು ತಮ್ಮ ತಮ್ಮಲ್ಲೇ ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಪಕ್ಕಕ್ಕೆ ಬಂದು, ಅವರಿಗೆ ಅಷ್ಟು ಚೆನ್ನಾಗಿ ಲೆಕ್ಕ ಕಲಿಸಿದವರು ಯಾರು ಎಂದು ಕೇಳಿದಳು. ಗಂಗೇನಹಳ್ಳಿಯಲ್ಲಿ ಒಬ್ಬ ಸಾಹೇಬರಿದ್ದರು ಎಂದೆ.

"ಅದೆಲ್ಲಿ ಬರುತ್ತೆ?" ಎಂದಳು.

ಇಲ್ಲೇ, ಹೆಬ್ಬಾಳದಿಂದ ಹೊಲದ ಬದುವಿನ ಮೇಲೆ ನಡೆದು ಹೋಗಬಹುದು, ಎಂದೆ.