ಸಮುದ್ರದ ಮೀನಿಗೆ ಬಾವಿ ನೀರು

ಪುತ್ತೂರಿನ ಬಾಡಿಗೆ ಮನೆಯ ಜಗಲಿಯಲ್ಲಿ ನಾನೇ ಗಾಜಿನ ತೊಟ್ಟಿ ಕಟ್ಟಿ, ಸಮುದ್ರದ ನೀರು ತುಂಬಿಸಿ, ಹೂವಿನಂತೆ ಅರಳುವ ಜೀವಿಗಳು ಅಂಟಿದ ಕಲ್ಲೊಂದನ್ನೂ ಎರಡು ಪಟ್ಟೆ ಮೀನನ್ನೂ ಬಿಟ್ಟಿದ್ದೆ. "ಮೀನು ಸತ್ತು ನಾತ ಬಂದರೆ ನೀವೂ ಹೊರಗೆ" ಎಂದು ಮನೆ ಯಜಮಾನರು ಎಚ್ಚರಿಸಿದ್ದರು. ಸಾಯಲು ಬಿಡುವುದಿಲ್ಲ ಎಂದು ಹಟ ಹಿಡಿದು, ನೀರು ಇಳಿದಾಗಲೆಲ್ಲ ಸಮುದ್ರದ ನೀರನ್ನೇ ಸುರಿದೆ. ಹದಿನೈದು ದಿನದಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

ಮಂಗಳೂರಿನಿಂದ ಬಸ್ಸಲ್ಲಿ ನನಗೆ ಆ ನೀರು ತಂದುಕೊಡುತ್ತಿದ್ದ ಮೀನು ಮಾರುವ ಹೆಂಗಸನ್ನು ಜಗಲಿಗೆ ಕರೆದೆ. ಆಕೆ ಬೆರಳು ಅದ್ದಿ ನೆಕ್ಕಿ, ಥೂ ಎಂದು ಉಗಿದರು.

"ಇದೆಂತ ಮಾರಾಯ್ರೆ, ಮಾವಿನಮಿಡಿ ಹಾಕುವ ಉಪ್ಪುನೀರಾ? ನೀರು ಆರ್ತದೆ, ಉಪ್ಪು ಆರ್ತದಾ? ಬಾವಿ ನೀರು ಹಾಕಿ."

"ಸಮುದ್ರದ ಮೀನಿಗೆ ಬಾವಿ ನೀರಾ?"

"ಸಮುದ್ರಕ್ಕೆ ಮಳೆ ಬೀಳುದಿಲ್ವಾ? ಅದು ಉಪ್ಪು ಮಳೆಯಾ?"

ಅಷ್ಟರಲ್ಲಿ ಯಜಮಾನರು ಅಂಗಳದಿಂದ ಕಿರುಚಿದರು: "ಮೀನಿನವಳನ್ನು ಜಗಲಿಗೆ ಹತ್ತಿಸಿದ್ದು ಯಾರು?"

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತು, ಅವರ ಜಗಲಿಗೆ ಬಂದಿರಲಿಲ್ಲ.

"ನಾನೇ. ಇಳಿಸುದಿಲ್ಲ. ಬೇಕಾದರೆ ಮನೆ ಬಿಡ್ತೇನೆ" ಎಂದು ಅವರೆದುರೇ ಆಕೆಗೆ ಮಣೆ ಹಾಕಿದೆ.

ದಿನಕ್ಕೊಂದು ಚೊಂಬು ಬಾವಿ ನೀರಿಗೆ ಮೀನು ಚೇತರಿಸಿಕೊಂಡವು. ಮನೆ ಮಾತ್ರ ಬಿಡಬೇಕಾಯಿತು. ಅರ್ಧ ನೀರು ತೆಗೆದ ತೊಟ್ಟಿಯನ್ನು ಆಕೆ ಒಂದು ಕಡೆ, ನಾನೊಂದು ಕಡೆ ಹಿಡಿದು ಅವರ ಕಣ್ಣೆದುರೇ ಹೊತ್ತೊಯ್ದೆವು. ಯಜಮಾನರು ಮೂಗು ಮುಚ್ಚಿಕೊಂಡರು. ತೊಟ್ಟಿಗಂತೂ ನಾತವೇ ಇರಲಿಲ್ಲ.