ಅತ್ತೆಯ ಮನೆಗೆ ಮೀನು ಬಂದದ್ದು

ನಮ್ಮ ಸೀಮೆಯ ಹಳ್ಳಿಗಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವೆಂಬುದು ನಿಮಗೆ ತಿಳಿದೇ ಇದೆ. ಹಳ್ಳಿ ಅಳ್ಳಿಯಾಗುತ್ತದೆ, ಹೋಗುವುದು ಓಗುವುದಾಗುತ್ತದೆ, ಮತ್ತು ನನ್ನಂಥವನಿಗೆ ತೊಂದರೆ ಕೊಡುವಂತೆ ಹಕ್ಕಿ ಅಕ್ಕಿಯಾಗುತ್ತದೆ. ವಸಂತ ಬಂತೆಂದರೆ ಭಾನುವಾರದ ಬೆಳಗುಗಳಲ್ಲಿ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ನರಸೀಪುರದಿಂದ ಹೊರಟು, ನಂಜನಗೂಡಿನ ಸುತ್ತಲ ಕೆರೆಗಳ ಏರಿಯ ಮೇಲೆ ನಿಂತು, ಕಂಡ ಹಕ್ಕಿಗಳ ಹೆಸರನ್ನೂ ಕೇಳಿದ ಕೂಗನ್ನೂ ಮೊಬೈಲಿನಲ್ಲಿ ದಾಖಲಿಸಿಕೊಳ್ಳುವುದು ನನ್ನ ಚಟ. ಎಮ್ಮೆ ಮೇಯಿಸುವವರು ತಮ್ಮತಮ್ಮಲ್ಲೇ "ಅಕ್ಕಿ ನೋಡಾಕೆ ಬಂದವ್ರೆ" ಎಂದು ನನ್ನನ್ನು ಪರಿಚಯಿಸಿಕೊಳ್ಳುವುದನ್ನು ದೂರದಿಂದ ಕೇಳಿದವರು, ನಾನು ಪಡಿತರದ ಕಡೆಯವನೆಂದು ತಿಳಿದು ತಮ್ಮ ಕಾರ್ಡಿನ ತಕರಾರನ್ನು ಹೇಳಿಕೊಂಡದ್ದುಂಟು. ನಾನು ತಾಳ್ಮೆಯಿಂದ ಕೇಳಿದ್ದೇನೆ. ಬಾತುಗಳು ತಲೆಯನ್ನು ರೆಕ್ಕೆಯಲ್ಲಿ ಹುದುಗಿಸಿ ಮಲಗಿರುವಾಗ ಬೇರೆ ಕೆಲಸವಿರುವುದಿಲ್ಲ.

ಆದ್ದರಿಂದ ಯುಗಾದಿ ಕಳೆದ ಮೇಲೊಂದು ಬೆಳಿಗ್ಗೆ, ಹಿಂದಿನ ಸಂಜೆಯ ಗಾಳಿಗೆ ಹೋದ ಕರೆಂಟು ಇನ್ನೂ ಬಾರದಿದ್ದ ಹೊತ್ತಿನಲ್ಲಿ, ಬಿಳಿಗೆರೆಯ ಕಡೆಯ ಹಳ್ಳಿಯಿಂದ ನನ್ನ ಸೋದರತ್ತೆ ಗೌರಮ್ಮ ಫೋನು ಮಾಡಿ, "ಅಕ್ಕಿ ಬಿದ್ದೋಗದೆ ಕಣ್ ಮಗ, ಬಿರ್‍ನೆ ಬಾ," ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಮೂಟೆ.

"ಬಾಚಿ ಮೊರಕ್ಕೆ ಹಾಕ್ಕೊಳಿ ಅತ್ತೆ," ಎಂದೆ.

"ಮಂಕ್ರಿಗೆ ಹಾಕಿವ್ನಿ. ಏನ್ ಕೊಟ್ರೂ ತಿಂತಾ ಇಲ್ಲ."

ಆಗ ತಿಳಿಯಿತು, ಗಾಳಿಗೆ ಬಿದ್ದದ್ದು ಗೂಡಿನ ಮರಿಯೆಂದು. ಅತ್ತೆಯ ಹಿತ್ತಲಿನ ಹಳೆಯ ಹುಣಸೆಮರದಲ್ಲಿ ಆ ವರ್ಷ ಮೊದಲ ಬಾರಿಗೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು. ಹಳದಿ ಕೊಕ್ಕು, ಕೆಂಪೇರಿದ ಮುಖ, ಬಾಲದ ಬಳಿ ಯಾರೋ ಓಕುಳಿ ಎರಚಿದಂಥ ಗುಲಾಬಿ ಬಣ್ಣದ ಆ ದೊಡ್ಡ ಹಕ್ಕಿಗಳು ಊರ ಕೆರೆಯನ್ನೂ ಕೆರೆಗೆ ಹತ್ತಿರದ ಈ ಮರವನ್ನೂ ಯಾವ ವಿವೇಚನೆಯಿಂದ ಆರಿಸಿಕೊಂಡವೋ ತಿಳಿಯದು. ಆ ಮರದ ಕೆಳಗಿನ ಮನೆಯವರ ಆಹಾರಪದ್ಧತಿಯನ್ನಂತೂ ಅವು ವಿಚಾರಿಸಿರಲಿಲ್ಲ. ಅತ್ತೆಯ ಗಂಡ ಮಹದೇವಪ್ಪ ಮಾವ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೊಲದಲ್ಲಿ ಬಾಳೆ ಇರುವವರು, ಮಠಕ್ಕೆ ನಡೆದುಕೊಳ್ಳುವವರು. ಅವರ ಮಗಳು ಶಶಿಕಲಾ ಸ್ಕೂಲಿಗೆ ಹೋಗುತ್ತಿದ್ದಾಗ ಒಮ್ಮೆ ಆಮ್ಲೆಟ್ ಎಂಬ ಪದವನ್ನು ಆಡಿದ್ದಕ್ಕೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರಬೇಕಾಗಿತ್ತು. ಅಂಥ ಮನೆಯ ಹಿತ್ತಲಿಗೆ, ಮೊಟ್ಟೆಯೊಡೆದು ಮರಿಗಳು ಬಂದ ದಿನದಿಂದ, ಆಕಾಶದಿಂದ ಮೀನು ಬೀಳತೊಡಗಿತು. ತಾಯಿ ತಂದದ್ದು ಮರಿಯ ಬಾಯಿ ತಪ್ಪಿ ಕೆಲವೊಮ್ಮೆ ತುಳಸಿಕಟ್ಟೆಯ ಮೇಲೆ, ಕೆಲವೊಮ್ಮೆ ಒಣಹಾಕಿದ ಹಪ್ಪಳದ ಮೇಲೆ. ಮಾವ ಕೊಂಬೆ ಕಡಿಸುತ್ತೇನೆಂದು ಹೊರಟಾಗ ಅತ್ತೆ ಅಡ್ಡ ನಿಂತು, "ಬಾಣಂತಿ ಇರೋ ಮನೆಯಾ ಯಾರಾರ ಕೀಳ್ತಾರಾ," ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

ನಾನು ಹೋಗುವ ಹೊತ್ತಿಗೆ ಮರಿ ಕೊಟ್ಟಿಗೆಯ ಮೂಲೆಯಲ್ಲಿ, ಮಂಕರಿ ಬುಟ್ಟಿಯಿಂದ ಹೊರಗೆ ಬಂದು, ಮೊಣಕಾಲೂರಿ ಕುಳಿತಿತ್ತು. ಮಾಸಲು ಬಿಳಿಯ ತುಪ್ಪುಳ, ಕಪ್ಪು ಕೊಕ್ಕು, ಮತ್ತು ತನಗಿಂತ ಎಷ್ಟೋ ದೊಡ್ಡದಾದ ಹಸುಗರುವನ್ನು ಬೆದರಿಸುವಷ್ಟು ಧ್ವನಿ. ಅದರ ಮುಂದೆ ಅನ್ನ, ಮೊಸರನ್ನ, ನೆನೆಸಿದ ಹೆಸರುಕಾಳು, ಒಂದು ರಸಬಾಳೆ ಕ್ರಮವಾಗಿ ಇಡಲ್ಪಟ್ಟಿದ್ದವು. ಅದು ಅವುಗಳನ್ನು ಒಂದೊಂದಾಗಿ ನೋಡಿ ನಂತರ ಅತ್ತೆಯನ್ನು ನೋಡುತ್ತಿತ್ತು.

ಇಷ್ಟು ವರ್ಷ ನೂರಾರು ಕೊಕ್ಕರೆಗಳನ್ನು ದಾಖಲಿಸಿದ ನಾನು ಒಂದನ್ನೂ ಮುಟ್ಟಿದವನಲ್ಲ. ದುರ್ಬೀನಿನ ಗುಣವೇ ಅದು: ದೂರದ್ದನ್ನು ಹತ್ತಿರ ತೋರಿಸುತ್ತದೆ, ತರುವುದಿಲ್ಲ. ಗೂಡು ಮರದ ತುತ್ತತುದಿಯಲ್ಲಿತ್ತು. ಹತ್ತಿದರೆ ಉಳಿದ ಮರಿಗಳೂ ಬೆದರಿ ಬೀಳುತ್ತವೆ. ಪರಿಚಯದ ಪಶುವೈದ್ಯರೊಬ್ಬರು ಫೋನಿನಲ್ಲಿ ಎಲ್ಲ ಕೇಳಿ, ಮೂಳೆ ಮುರಿದಂತಿಲ್ಲ, ರೆಕ್ಕೆ ಬಲಿಯುವವರೆಗೆ ಮೀನು ಹಾಕಿ, ಹಾರಿಕೊಳ್ಳುತ್ತದೆ ಎಂದರು. ನಾನು ಆ ಮಾತನ್ನು ಮನೆಯವರಿಗೆ ತಿಳಿಸಿದೆ. ಮೇಲಿಂದ ಬೀಳುತ್ತಿದ್ದ ಮೀನೂ, ಬೇಕಾದಾಗ ಬೀಳದೆ, ಗಾಳಿ ಬೀಸಿದಾಗಿನಿಂದ ನಿಂತುಹೋಗಿತ್ತು.

"ನನ್ ಕೈಲಾಗಲ್ಲ," ಎಂದು ಮಾವ ಪೂಜೆಗೆ ಎದ್ದರು.

ಅತ್ತೆ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದರು. "ನಡಿ ಮಗ. ಅಸ್ಕಂಡಿರೋದ್ನ ನೋಡ್ಕೊಂಡು ನಾನ್ ಎಂಗ್ ಉಣ್ಲಿ?"

ಕೆರೆಯ ಕೋಡಿಯ ಬಳಿ ನಿಂಗಮ್ಮ ಮೀನು ಮಾರುತ್ತಿದ್ದಳು. ಗಂಡ ಬಲೆ ಹಾಕಿ ಹಿಡಿದದ್ದನ್ನು ಅಲ್ಲೇ ಗೋಣಿಯ ಮೇಲೆ ಹರವಿಕೊಂಡು ಕೂರುವ ಅವಳನ್ನು ನಾನು ಎಷ್ಟೋ ಭಾನುವಾರ ಕಂಡಿದ್ದೇನೆ. ನಿಜ ಹೇಳಬೇಕೆಂದರೆ ಕಂಡು ಪಕ್ಕಕ್ಕೆ ಸರಿದಿದ್ದೇನೆ. ಮೀನು ಹಿಡಿಯುವ ಹಕ್ಕಿಯನ್ನು ನಾವು ಸುಂದರವೆನ್ನುತ್ತೇವೆ, ಮೀನು ಹಿಡಿಯುವ ಮನುಷ್ಯರನ್ನು ಚೌಕಟ್ಟಿನಿಂದ ಹೊರಗಿಟ್ಟು ಫೋಟೊ ತೆಗೆಯುತ್ತೇವೆ. ಕೆರೆಗೆ ಈ ಭೇದ ಗೊತ್ತಿಲ್ಲ. ಅತ್ತೆ ತನ್ನ ಮುಂದೆ ಬಂದು ನಿಂತದ್ದನ್ನು ನೋಡಿ ನಿಂಗಮ್ಮ ಎದ್ದು ನಿಂತಳು.

"ಯಾಕಕ್ಕಾ, ದಾರಿ ತಪ್ತಾ?"

"ಮೀನ್ ಕೊಡು ನಿಂಗಮ್ಮ. ಅಕ್ಕಿಗೆ ಕಣವ್ವ, ನಮಗಲ್ಲ."

"ಮೊದ್ಲು ಎಲ್ರೂ ಅಂಗೇ ಅನ್ನೋದು ಬುಡಕ್ಕ," ಎಂದು ನಿಂಗಮ್ಮ ಸಮಾಧಾನ ಹೇಳಿದಳು. "ಜಿಲೇಬಿ ತಗೊಳಿ. ಸಣ್ಣುವು, ಮೆತ್ತಗವೆ."

ಜಿಲೇಬಿ ಎಂಬುದು ನಮ್ಮ ಕೆರೆಗಳಲ್ಲಿ ಈಚೆಗೆ ತುಂಬಿಕೊಂಡಿರುವ ಒಂದು ಜಾತಿಯ ಮೀನು. ಆ ಹೆಸರು ಕೇಳಿ ಅತ್ತೆಯ ಮುಖದಲ್ಲಿ ಮೂಡಿದ ನಿರಾಳವನ್ನು ನಾನು ಮರೆಯಲಾರೆ. ಅಂದಿನಿಂದ ಆ ಮನೆಯಲ್ಲಿ ಮೀನು ಎಂಬ ಪದ ಬಳಕೆಯಾಗಲಿಲ್ಲ. ದಿನವೂ ನಿಂಗಮ್ಮ ಹಿತ್ತಲ ಬಾಗಿಲಿಗೆ ಜಿಲೇಬಿ ತರುವುದು, ಅತ್ತೆ ಇಕ್ಕಳದಲ್ಲಿ ಹಿಡಿದು ಜಿಲೇಬಿ ಹಾಕುವುದು, ಮರಿ ಕತ್ತು ನೀಡಿ ಗುಳುಂ ಎನ್ನಿಸುವುದು. ಮೊದಮೊದಲು ಅತ್ತೆ ಮುಖ ತಿರುಗಿಸಿಕೊಂಡು ಹಾಕುತ್ತಿದ್ದರು. ಹಾಗೆ ಹಾಕಿದ್ದು ಗುರಿ ತಪ್ಪಿ ಕರುವಿನ ಮೇಲೆ ಬೀಳುತ್ತಿದ್ದರಿಂದ ಕೊನೆಗೆ ನೋಡಿಯೇ ಹಾಕುವುದನ್ನು ಕಲಿತರು.

ಊರಿನಲ್ಲಿ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಷ್ಟವೆಂದರೆ, ಅದೇ ದಿನಗಳಲ್ಲಿ ಶಶಿಗೆ ಸಂಬಂಧ ಕೂಡಿಬಂದಿತ್ತು. ತಾಂಡವಪುರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ಅವಳು ಹುಡುಗನ ಜೊತೆ ಎರಡು ಮೂರು ಸಲ ಫೋನಿನಲ್ಲಿ ಮಾತಾಡಿ ಆಗಲೆಂದಿದ್ದಳು. ಶಶಿ ಆಗಲಿ ಎಂದರೆ ಬೇರೆಯವರು ಬಹಳ ಇಷ್ಟವಾಯಿತು ಎಂದಂತೆ. ಹುಡುಗನ ತಂದೆ ನಂಜನಗೂಡಿನಲ್ಲಿ ವ್ಯಾಪಾರಸ್ಥರು, ಅದೇ ಮಠದ ಭಕ್ತರು, ಆಚಾರದಲ್ಲಿ ಮಾವನಿಗಿಂತ ಒಂದು ಕೈ ಮೇಲು. ಮಾತುಕತೆಗೆ ಭಾನುವಾರ ಬರುತ್ತೇವೆಂದು ಹೇಳಿಕಳಿಸಿದರು. ನಾಲ್ಕು ಮಾತಾಡುವವನೆಂದು ನನ್ನನ್ನೂ ಕರೆಸಿದರು, ಹಕ್ಕಿಯ ವಿಷಯ ಎತ್ತಕೂಡದೆಂಬ ಷರತ್ತಿನೊಂದಿಗೆ. ನಿಂಗಮ್ಮನಿಗೆ ಅಂದು ಬರಬೇಡವೆಂದು ಹೇಳುವ ಕೆಲಸವನ್ನು ಅತ್ತೆ ಮಾವನಿಗೂ, ಮಾವ ಅತ್ತೆಗೂ ಒಪ್ಪಿಸಿದ್ದರು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಜಮಖಾನದ ಮೇಲೆ ಕುಳಿತು ಮಳೆ, ಬಾಳೆಯ ದರ, ಮಠದ ದಾಸೋಹಗಳನ್ನು ಮುಗಿಸಿ ಮುಹೂರ್ತದ ಸಮೀಪಕ್ಕೆ ಬಂದಿದ್ದೆವು. ಆಗ ಕೊಟ್ಟಿಗೆಯಿಂದ ಮರಿ ಕೂಗತೊಡಗಿತು. ಅದರ ಊಟದ ಹೊತ್ತು. ಹುಡುಗನ ತಂದೆ ತಲೆಯೆತ್ತಿದರು. ಕರು ಎಂದು ಮಾವ ಹೇಳಿದರು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಒಂದು ಸ್ಪಷ್ಟವಾದ ಧ್ವನಿ ಬಂತು:

"ಅಕ್ಕೋ, ಜಿಲೇಬಿ ತಂದಿವ್ನಿ."

ಹುಡುಗನ ತಾಯಿಗೆ ಸಂಕೋಚವಾಯಿತು. "ಅಯ್ಯೋ, ಕೇಸರಿಬಾತೇ ಇತ್ತಲ್ಲ, ಅದೆಲ್ಲ ಯಾಕ್ ತರ್ಸಕೋದ್ರಿ," ಎಂದರು.

ಯಾರೂ ಉತ್ತರ ಕೊಡದಿದ್ದುದರಿಂದ ನಿಂಗಮ್ಮ ಅಂಗಳ ದಾಟಿ ನಡುಮನೆಯ ಬಾಗಿಲವರೆಗೆ ಬಂದು, ಬುಟ್ಟಿ ಇಳಿಸಿ, ಮೇಲಿನ ಎಲೆ ಸರಿಸಿದಳು. ಇನ್ನೂ ಜೀವವಿದ್ದ ಒಂದು ಮೀನು ಬಾಲ ಬಡಿಯಿತು.

ಮಾವ ಎಲ್ಲವನ್ನೂ ಹೇಳಿದರು. ಮರ, ಗಾಳಿ, ಮರಿ, ಪಶುವೈದ್ಯರು. ನಾನೂ ಷರತ್ತು ಮುರಿದು ಒಂದೆರಡು ಮಾತು ಸೇರಿಸಿದೆ. ಕೊಟ್ಟಿಗೆಗೆ ಬಂದು ನೋಡಿ ಎಂದೂ ಕರೆದೆ. ಹುಡುಗ ಏಳಲು ಹೋಗಿ ತಂದೆಯ ಮುಖ ನೋಡಿ ಮತ್ತೆ ಕುಳಿತ.

"ಅಕ್ಕಿಗೇ ಇರ್‍ಬೋದು," ಎಂದರು ಹುಡುಗನ ತಂದೆ, ಬಹಳ ಮರ್ಯಾದೆಯಿಂದ. "ನಾವು ಅನುಮಾನ ಪಡ್ತಾ ಇಲ್ಲ."

ಶಶಿ ಕಾಫಿ ತಂದಳು. ಈಗ ತಾನೇ ತಿಂಡಿ ಆಯ್ತಲ್ಲ, ಬೇಡ ಎಂದರು. ನೀರಾದರೂ ಎಂದು ಅತ್ತೆ ಹೇಳಿದರು. ನೀರೂ ಬೇಡ, ಬಿಸಿಲೇರುವ ಮುಂಚೆ ಊರು ಸೇರಬೇಕು ಎಂದು ಎದ್ದರು. ತಿಳಿಸುತ್ತೇವೆ ಎಂದರು. ಯಾರೂ ಯಾರನ್ನೂ ನೋಯಿಸುವ ಒಂದು ಮಾತನ್ನೂ ಆಡಲಿಲ್ಲ. ಕಾರು ಹೋಯಿತು.

ಕೆನೆ ಕಟ್ಟಿದ ಕಾಫಿಯ ಲೋಟಗಳು ತಟ್ಟೆಯಲ್ಲೇ ಇದ್ದವು. ಮಾವ ಅವುಗಳ ಎದುರು ಕುಳಿತೇ ಇದ್ದರು. ಶಶಿ ಬುಟ್ಟಿಯನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋದಳು. ಮರಿ ಕೂಗುವುದನ್ನು ನಿಲ್ಲಿಸಿತು, ಅವಳು ಮಾತ್ರ ಬಹಳ ಹೊತ್ತು ಹೊರಗೆ ಬರಲಿಲ್ಲ. ನಿಂಗಮ್ಮ ಅಂಗಳದ ಮೂಲೆಯಲ್ಲಿ ತಲೆತಗ್ಗಿಸಿ ನಿಂತಿದ್ದವಳು, "ನನ್ನಿಂದ ಇಂಗಾಯ್ತು ಸಾ," ಎಂದು ಮೆಲ್ಲನೆ ಹೇಳಿ ಹೊರಟುಹೋದಳು.

"ನೀರೂ ಕುಡೀಲಿಲ್ಲ ಅಲ್ವಾ," ಎಂದರು ಮಾವ.

"ಕುಡೀದಿದ್ರೆ ನೀರಿಗೇನಾಯ್ತು," ಎಂದರು ಅತ್ತೆ.

"ನೀರಿಗೇನೂ ಆಗ್ಲಿಲ್ಲ ಕಣೆ. ನಂಗಾಯ್ತು."

ಮಾವ ಅಷ್ಟನ್ನೇ ಹೇಳಿದ್ದು. ಆದರೆ ಆ ದಿನವೆಲ್ಲ ನಾನು ಅದನ್ನು ಯೋಚಿಸಿದೆ. ಅರವತ್ತು ದಾಟಿದ ಮನುಷ್ಯ, ಊರಿನಲ್ಲಿ ಎಲ್ಲರೂ ಎದ್ದು ನಿಂತು ಮಾತಾಡಿಸುವವರು, ಯಾರ ಮನೆಯಲ್ಲಿ ನೀರು ಕುಡಿಯಬೇಕು, ಯಾರ ಮನೆಯಲ್ಲಿ ಬಾಯಾರಿಕೆ ಇಲ್ಲವೆನ್ನಬೇಕು ಎಂಬ ಲೆಕ್ಕವನ್ನು ಹುಟ್ಟಿನಿಂದ ತಪ್ಪದೆ ಇಟ್ಟವರು. ಆ ಲೆಕ್ಕದ ಇನ್ನೊಂದು ಬದಿಯಲ್ಲಿ ನಿಂತರೆ ಗಂಟಲು ಹೇಗಿರುತ್ತದೆಂಬುದು ಅವರಿಗೆ ಅಂದೇ ಮೊದಲು ತಿಳಿದದ್ದು. ಹಕ್ಕಿ ನೋಡುವವನಾಗಿ ನಾನು ಕಲಿತಿರುವುದು ಸ್ವಲ್ಪ: ಒಂದೇ ಹಕ್ಕಿ ಬೆಳಕಿಗೆ ಅಡ್ಡವಾಗಿ ನಿಂತಾಗ ಕಪ್ಪಾಗಿಯೂ, ನಾವು ಸುತ್ತಿ ಆಚೆ ಬದಿಗೆ ಹೋದರೆ ಬಣ್ಣಬಣ್ಣವಾಗಿಯೂ ಕಾಣುತ್ತದೆ. ಸುತ್ತಿ ಹೋಗುವುದಕ್ಕೆ ಸಾಮಾನ್ಯವಾಗಿ ನಾವು ಸೋಮಾರಿಗಳು. ಯಾರಾದರೂ ನೂಕಬೇಕು.

ನಂಜನಗೂಡಿನಿಂದ ತಿಳಿಸುವುದು ಬರಲಿಲ್ಲ. ಶಶಿ ಕೆಲವು ದಿನ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದು, ಆಮೇಲೆ ಮೊದಲಿನಂತೆ ಅಡುಗೆಮನೆಯ ಮಾಡದಲ್ಲಿಟ್ಟಳು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಹೋದಾಗ ಅವಳು, "ಬುಡಿ ಭಾವ. ಮರಿ ನೋಡಾಕೆ ಎದ್ದವ್ರು ಕೂತ್ಕೋಬಾರ್ದಾಗಿತ್ತು," ಎಂದಳು. ಅಷ್ಟರ ಮೇಲೆ ಆ ವಿಷಯ ಎತ್ತಲಿಲ್ಲ.

ಆ ಭಾನುವಾರದ ಮರುದಿನ ನಿಂಗಮ್ಮ ಬರಲಿಲ್ಲ. ಮಾವನೇ ಕೆರೆಗೆ ಹೋಗಿ ಮೀನು ತಂದರಂತೆ. ಚೀಲವನ್ನು ದೇಹದಿಂದ ದೂರ ಹಿಡಿದು, ಊರ ನಡುವಿನ ಬೀದಿಯಲ್ಲೇ. ಅದರ ಮಾರನೆಯ ದಿನದಿಂದ ಅವಳು ಮತ್ತೆ ಬರತೊಡಗಿದಳು. ಮರಿಗೆ ಹಾಕುವ ಕೆಲಸವನ್ನು ಅತ್ತೆಯಿಂದ ಮಾವ ತೆಗೆದುಕೊಂಡರು, ಇಕ್ಕಳವಿಲ್ಲದೆ. ಹಾಕಿದ ಮೇಲೆ ಸ್ನಾನ ಮಾಡುತ್ತಿದ್ದರು, ಅದು ಬೇರೆ. ಮರಿಯ ತುಪ್ಪುಳ ಉದುರಿ ರೆಕ್ಕೆಗೆ ಗರಿ ಬಂತು. ಕೊಟ್ಟಿಗೆಯ ಮಾಡಿಗೆ ಏರಿತು, ಅಲ್ಲಿಂದ ಹುಣಸೆಯ ಕೆಳಗಿನ ಕೊಂಬೆಗೆ, ಕೊನೆಗೊಂದು ದಿನ ಮೇ ತಿಂಗಳ ಮಳೆ ಬಿದ್ದು ಬಿಟ್ಟ ಬೆಳಿಗ್ಗೆ, ಉಳಿದ ಮರಿಗಳ ಜೊತೆಗೇ ಕೆರೆಯತ್ತ ಹೋಯಿತು. ನಾನು ಏರಿಯ ಮೇಲೆ ನಿಂತು ನೋಡಿದಾಗ ನೀರಿನ ಅಂಚಿನಲ್ಲಿ ಮಸುಕು ಬಣ್ಣದ ಎಳೆಯ ಕೊಕ್ಕರೆಗಳ ಗುಂಪೇ ಇತ್ತು. ನಮ್ಮದು ಯಾವುದೆಂದು ದುರ್ಬೀನಿಗೆ ತಿಳಿಯಲಿಲ್ಲ. ಅತ್ತೆ ಬರಿಗಣ್ಣಿನಲ್ಲೇ ಗುರುತಿಸಿದರು. ಪ್ರತಿ ಸಲ ಬೇರೆ ಬೇರೆಯದನ್ನು.

ನಾವು ಮನೆಗೆ ಬಂದು ಕಾಫಿಗೆ ಕುಳಿತಾಗ ನಿಂಗಮ್ಮ ಹಿತ್ತಲಲ್ಲಿ ಬುಟ್ಟಿ ಹೊತ್ತು ನಿಂತಿದ್ದಳು. ಕೊಟ್ಟಿಗೆಯನ್ನೂ ಮರವನ್ನೂ ನೋಡಿ ಅವಳಿಗೆ ಅರ್ಥವಾಗಿತ್ತು.

"ಓಯ್ತಾ ಸಾ? ಸರಿ ಬುಡಿ, ಇನ್ ನಾನ್ ಬರಾಕಿಲ್ಲ."

"ಅಕ್ಕಿ ಇಲ್ದಿದ್ರೆ ಬರ್‍ಬಾರ್ದು ಅಂತ ಯಾರ್ ಅಂದೋರು," ಎಂದರು ಮಾವ, ಲೋಟದಿಂದ ಮುಖ ಎತ್ತದೆ. "ಒಳಿಕ್ ಬಾ. ಕಾಫಿ ಆಗದೆ."

ನಿಂಗಮ್ಮ ಹೊಸ್ತಿಲನ್ನು ನೋಡಿದಳು, ಅತ್ತೆಯನ್ನು ನೋಡಿದಳು, ನಂತರ ತಲೆಯ ಮೇಲಿದ್ದುದನ್ನು ಕೈಯಲ್ಲಿ ಮುಟ್ಟಿಕೊಂಡಳು.

"ಬುಟ್ಟಿ ಸಾ?"

ಮಾವ ಸ್ವಲ್ಪ ಯೋಚಿಸಿದರು.

"ಅದ್ನೂ ತತ್ತಾ. ಆಚೆ ಮಡುಗುದ್ರೆ ಬೆಕ್ಕು ತಿಂತದೆ."