ತುಂಬಿ ಬಂದ ಡಬ್ಬಿ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, "ಆಗ ನಿಮಗೆ ಹಸಿವಾಗಿತ್ತೇ? ನಿದ್ದೆಗೆಟ್ಟಿದ್ದಿರೇ?" ಎಂದು ಮೊದಲು ಕೇಳುವವನು ನಾನು. ಹೀಗೆ ಕೇಳಿ ಎಷ್ಟೋ ಜನರ ಕಥೆ ಕೆಡಿಸಿದ್ದೇನೆ. ಈಗ ನನ್ನದೇ ಒಂದನ್ನು ಹೇಳಬೇಕಾಗಿದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಸಂಜೆ ನನಗೆ ಹಸಿವೂ ಆಗಿತ್ತು, ನಿದ್ದೆಯೂ ಕೆಟ್ಟಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೋಣೆ ಹಿಡಿದು ಮರಗೆಣಸಿನ ರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮೈಸೂರಿನಿಂದ ಅಪ್ಪ ಅಮ್ಮ ಕೇರಳ ನೋಡಲು ಬಂದರು. ಕೊಚ್ಚಿಯಲ್ಲಿ ಅಪ್ಪನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಎರಡು ದಿನ ಇದ್ದು, ಚೀನೀ ಮೀನುಬಲೆ, ದೋಣಿ ಎಲ್ಲ ನೋಡಿ, ಬಾಡಿಗೆ ಕಾರಿನಲ್ಲಿ ಮೂವರೂ ತಿರುವನಂತಪುರಕ್ಕೆ ಹೊರಟೆವು. ಡ್ರೈವರ್ ಸತೀಶ ಕಾಸರಗೋಡಿನವನು. ಅವನಿಗೆ ಕನ್ನಡ ಬರುತ್ತದೆಂದು ಅಮ್ಮನಿಗೆ ಖುಷಿಯೋ ಖುಷಿ.

ಅಪ್ಪ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಇಳಿದು ಬೆವರುತ್ತಾರೆ, ಮಾತು ತೊದಲುತ್ತದೆ. ಇನ್ನೂ ತಡವಾದರೆ ಪ್ರಜ್ಞೆ ತಪ್ಪುತ್ತದೆ. ಅದಕ್ಕೆಂದೇ ಅಮ್ಮನ ಚೀಲದಲ್ಲಿ ಕಲ್ಲುಸಕ್ಕರೆ, ಬಿಸ್ಕತ್ತು ಸದಾ ಇರುತ್ತಿದ್ದವು. ಅಂದು ಇರಲಿಲ್ಲ. ಕೊಚ್ಚಿಯ ಮನೆಯವರು ಹಿಂದಿನ ದಿನ ನಮಗೊಂದು ಡಬ್ಬಿ ತುಂಬ ಬಾಳೆಕಾಯಿ ಚಿಪ್ಸ್ ಕೊಟ್ಟಿದ್ದರು; ರಾತ್ರಿಯೊಳಗೇ ತಿಂದು ಮುಗಿಸಿದ್ದೆವು. ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದುಂಟೇ? ಹೊರಡುವ ಗಡಿಬಿಡಿಯಲ್ಲಿ ಅಮ್ಮ ಚೀಲದಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದು ಕೊಟ್ಟಿದ್ದಳು. ದಾರಿಯಲ್ಲಿ ಕೊಂಡರಾಯಿತು ಎಂದುಕೊಂಡವಳು ಮರೆತಳು.

ಆಟ್ಟಿಂಗಲ್ ಹತ್ತಿರ ಹೆದ್ದಾರಿಯಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಎಡಕ್ಕೆ ಒಳರಸ್ತೆ ಹಿಡಿದರೆ ನೇರ ಶ್ರೀಕಾರ್ಯಂ ಎಂದವನು ನಾನೇ. ಮರಗೆಣಸಿನ ಎಲೆ ಸಂಗ್ರಹಿಸಲು ಆ ಕಡೆ ಎರಡು ಸಲ ಓಡಾಡಿದ್ದೆ. ಎರಡೂ ಬದಿಗೆ ಕೆಮ್ಮಣ್ಣಿನ ದಿಬ್ಬ, ಮೇಲೆ ರಬ್ಬರ್ ಮರಗಳು. ಎಲ್ಲ ತಿರುವೂ ಒಂದೇ ಥರ.

"ಸಾರ್, ಈ ಬಾವಿ ಈಗ ಮೂರನೇ ಸಲ," ಎಂದ ಸತೀಶ. "ನಮ್ಮನ್ನು ನೋಡಿ ನೋಡಿ ಅದಕ್ಕೂ ಬೇಜಾರಾಗಿರ್ಬೌದು."

"ಇಷ್ಟೆಲ್ಲ ಓದಿದೀಯ, ದಾರಿ ಕೇಳೋಕೆ ಮಾತ್ರ ನಾಚ್ಕೆ ನಿಂಗೆ," ಎಂದಳು ಅಮ್ಮ.

ಕೇಳೋಣವೆಂದರೆ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಅಷ್ಟರಲ್ಲಿ ಅಪ್ಪ ಏನೋ ಹೇಳಹೋಗಿ ತೊದಲಿದರು. ಅವರ ಅಂಗಿ ಒದ್ದೆಯಾಗಿತ್ತು. ಅಮ್ಮ ಚೀಲದೊಳಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು.

ಮುಂದಿನ ತಿರುವಿನಲ್ಲಿ ಒಂದು ಹೆಂಚಿನ ಮನೆ ಕಾಣಿಸಿತು. ಜಗಲಿಯಲ್ಲಿ ಸಂಜೆಯ ದೀಪ ಹಚ್ಚಿತ್ತು. ಗೇಟಿನ ಬಳಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ನಾವು ಬಾಯಿ ತೆರೆಯುವ ಮೊದಲೇ ಕಾರಿನೊಳಗೆ ಬಗ್ಗಿ ನೋಡಿ, "ಷುಗರಲ್ಲೇ?" ಎಂದು, ಸಕ್ಕರೆ ಕಾಯಿಲೆ ತಾನೇ ಎಂಬಂತೆ, ಮಲಯಾಳದಲ್ಲಿ ಕೇಳಿ ಒಳಗೆ ಓಡಿದಳು. ಲೋಟದಲ್ಲಿ ಬೆಲ್ಲದ ನೀರು ತಂದು, ಅಪ್ಪನ ಗಲ್ಲ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಹತ್ತು ನಿಮಿಷಕ್ಕೆ ಅಪ್ಪ ಕಣ್ಣರಳಿಸಿ, "ಕಾಫಿ ಇಲ್ವೇನೇ?" ಎಂದರು. ಅಮ್ಮ ಅಳುತ್ತಲೇ ನಕ್ಕಳು. ಹೊರಡುವಾಗ ಆ ಹೆಂಗಸು ಒಂದು ಸ್ಟೀಲ್ ಡಬ್ಬಿಯ ತುಂಬ ಬೆಲ್ಲದ ಅವಲಕ್ಕಿ ತಂದು ನನ್ನ ಕೈಗಿಟ್ಟು, ಬಲಕ್ಕೆ ಹೋಗಿ ಎಂದು ಕೈ ತೋರಿಸಿದಳು. ಐದೇ ನಿಮಿಷದಲ್ಲಿ ದೊಡ್ಡ ರಸ್ತೆ ಸಿಕ್ಕಿತು.

ಕೋಣೆಗೆ ಬಂದು ಅವಲಕ್ಕಿ ತಿಂದಾದ ಮೇಲೆ ಡಬ್ಬಿ ತೊಳೆಯುತ್ತಿದ್ದ ಅಮ್ಮ ನಲ್ಲಿ ನಿಲ್ಲಿಸದೆಯೇ ನನ್ನನ್ನು ಕೂಗಿದಳು. ಡಬ್ಬಿಯ ತಳದಲ್ಲಿ ಕನ್ನಡದಲ್ಲಿ 'ವಿಶಾಲಾಕ್ಷಿ' ಎಂದು ಕೊರೆದಿತ್ತು. ಅಮ್ಮನ ಹೆಸರು. ನಾನು ಕೂಸಾಗಿದ್ದಾಗ ಮೈಸೂರಿನ ನಮ್ಮ ಮಹಡಿಯಲ್ಲಿ ಕೇರಳದ ನರ್ಸೊಬ್ಬರು ಬಾಡಿಗೆಗಿದ್ದರಂತೆ. ಅವರು ಊರಿಗೆ ಹೊರಟಾಗ ರೈಲಿನಲ್ಲಿ ತಿನ್ನಲೆಂದು ಅಮ್ಮ ರವೆ ಉಂಡೆ ತುಂಬಿ ಕೊಟ್ಟ ಡಬ್ಬಿಯಂತೆ ಅದು. "ಉಂಡೆಯೂ ಹೋಯ್ತು, ಡಬ್ಬಿಯೂ ಹೋಯ್ತು" ಎಂಬ ಅವಳ ಗೊಣಗಾಟವನ್ನು ನಾನೂ ಕೇಳಿ ಬೆಳೆದವನೇ.

"ಮನೆಯಿಂದ ನೀನೇ ತಂದಿರ್ತೀಯ, ಮರೆತಿದೀಯ," ಎಂದೆ, ಅದನ್ನು ಈಸಿಕೊಂಡವನು ನಾನೇ ಆಗಿದ್ದರೂ.

"ಚೀಲದಲ್ಲಿ ಏನಾದ್ರೂ ಇದ್ದಿದ್ರೆ ನಿಮ್ಮಪ್ಪ ಹಾಗೆ ಒದ್ದಾಡ್ತಿದ್ರೇನೋ?"

ಆ ಹೆಂಗಸು ನರ್ಸಿನ ಮಗಳಿರಬಹುದೇ? ಇರಬಹುದು. ಆದರೆ ನಾವು ಯಾರೆಂದು ಅವಳಿಗೆ ಹೇಗೆ ತಿಳಿಯಬೇಕು? ಹಳೆಯ ಪಾತ್ರೆಯವನಿಗೆ ಮಾರಿದ ಡಬ್ಬಿ ಕೈಯಿಂದ ಕೈಗೆ ದಾಟಿ ಅಲ್ಲಿಗೆ ಬಂದಿರಬಹುದು. ಆದರೆ ನಾವೂ ಅದೇ ಮನೆಗೆ, ಅದೇ ಸಂಜೆ? ಸತೀಶನಿಗೆ ಫೋನ್ ಮಾಡಿದರೆ, "ಡಬ್ಬಿಯಾ? ಲೋಟ ಮಾತ್ರ ಅಲ್ವಾ ಸಾರ್ ಕೊಟ್ಟದ್ದು?" ಎಂದ. ಅಪ್ಪನಿಗೆ ಬೆಲ್ಲದ ರುಚಿ ಬಿಟ್ಟು ಏನೂ ನೆನಪಿಲ್ಲ. ಡಬ್ಬಿಯನ್ನು ಆ ಹೆಂಗಸಿನ ಕೈಯಿಂದ ತೆಗೆದುಕೊಂಡವನು ನಾನೊಬ್ಬನೇ. ವರ್ಷ ಕಳೆದಂತೆ ಆ ನೆನಪಿನ ಮೇಲೆ ನನಗೇ ಅನುಮಾನ ಹೆಚ್ಚುತ್ತಿದೆ.

ಊರಿಗೆ ಹೊರಡುವ ದಿನ ಅಮ್ಮ ಆ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ತುಂಬಿ, "ಮನೆ ಸಿಕ್ಕಿದ್ರೆ ಕೊಟ್ಟು ಬಾ," ಎಂದಳು. ಸ್ಕೂಟರ್ ಎರವಲು ಪಡೆದು ನಾಲ್ಕು ಭಾನುವಾರ ಹುಡುಕಿದೆ. ಬಾವಿ ಸಿಕ್ಕಿತು. ಅದರಾಚೆಯ ತಿರುವೂ ಸಿಕ್ಕಿತು. ಅಲ್ಲಿ ಬರೀ ರಬ್ಬರ್ ಮರಗಳಿದ್ದವು. ನಾನು ನೋಡಿದ್ದು ಬೇರೆ ಬಾವಿಯೇ ಇರಬೇಕು.

ಈಗಲೂ ತಿರುವನಂತಪುರಕ್ಕೆ ಹೋದಾಗಲೆಲ್ಲ ಆ ರಸ್ತೆಗಳಲ್ಲಿ ಅರ್ಧ ದಿನ ಸುತ್ತುತ್ತೇನೆ. ಡಬ್ಬಿಯೂ ಜೊತೆಗಿರುತ್ತದೆ. ಆ ಮನೆ ಸಿಗುತ್ತದೆಂಬ ನಂಬಿಕೆ ನನಗಿಲ್ಲ. ಆದರೂ ಹೊರಡುವ ಮುಂಚೆ ಅದಕ್ಕೆ ಏನಾದರೊಂದು ಸಿಹಿ ತುಂಬಿಸಿಕೊಳ್ಳುತ್ತೇನೆ. ಖಾಲಿ ಡಬ್ಬಿ ಹಿಡಿದು ಹೋಗಲು ಮಾತ್ರ, ಇಷ್ಟೆಲ್ಲ ಓದಿದ ಮೇಲೂ, ಧೈರ್ಯ ಬಂದಿಲ್ಲ.